ಸಾರಥಿಯ ಬದುವಿನಲ್ಲಿ ನನ್ನನ್ನು ಸುತ್ತಿಸಿದ ನಕ್ಷೆಯಮ್ಮನವರಿಗೆ

ಮಾನ್ಯರೇ,

ಸಿಗ್ನಲ್ ಇಲ್ಲದ ಜಾಗದಲ್ಲೂ ಕಣ್ಣು ಬಿಟ್ಟುಕೊಂಡೇ ಇರುವ, ನನ್ನ ಮೊಮ್ಮಗಳು ಭವ್ಯಾಳ ಫೋನಿನೊಳಗೆ ವಾಸವಾಗಿರುವ ನಕ್ಷೆಯಮ್ಮನವರ ಸನ್ನಿಧಾನಕ್ಕೆ, ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯ ದುರುಗಣ್ಣ ಎರಡೂ ಕೈ ಮುಗಿದು, ಹಲ್ಲು ಕಡಿದುಕೊಂಡು ಬರೆಯುವುದೇನೆಂದರೆ, ನಾವಿಲ್ಲಿ ಕ್ಷೇಮ, ತಾವೂ ಹೊಟ್ಟೆ ತುಂಬ ಚಾರ್ಜು ಮಾಡಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಸಿಟ್ಟನ್ನು ಮಾತ್ರ ತಿದ್ದಬೇಡಿ.

ಕಾಲೇಜು ಓದುವ ನಮ್ಮ ಭವ್ಯಾ ಮತ್ತು ಅವಳ ಜೊತೆ ಓದುವ ರಿಯಾಜ್ ಜಿಯೋಕ್ಯಾಶಿಂಗ್ ಎಂಬ ಆಟ ಆಡುತ್ತಾರೆ. ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ನೆಟ್ಟಿನಲ್ಲಿ ಹಾಕುವುದು. ಗುರುತು ಪರಿಚಯ ಇಲ್ಲದವರು ಹುಡುಕಿಕೊಂಡು ಬಂದು, ಅದರೊಳಗಿನ ಒಂದು ಸಾಮಾನು ತೆಗೆದುಕೊಂಡು ತಮ್ಮದೊಂದು ಇಟ್ಟು ಹೋಗುವುದು. ಮೈಗೆ ಕೆಲಸ ಇಲ್ಲದವರ ಆಟ, ಆಡಿಕೊಳ್ಳಲಿ. ಆದರೆ ಈ ಸಲ ರಿಯಾಜ್ ಹರಿಹರದಾಚೆಯ ಸಾರಥಿ ಎಂಬ ಊರಿನ ಹೊಲದಲ್ಲಿ ಡಬ್ಬಿ ಬಚ್ಚಿಡುವ ಮೊದಲು, ಒಳಗೆ ಹಾಕಲು ಚಂದದ್ದೇನಾದರೂ ಕೊಡು ಎಂದದ್ದಕ್ಕೆ, ಈ ಪುಣ್ಯಾತ್ಗಿತ್ತಿ ಭವ್ಯಾ, ನನ್ನ ಹೆಂಡತಿ ಭೀಮವ್ವ ಎಲೆಯಡಿಕೆಯ ಜೊತೆ ಇಟ್ಟುಕೊಳ್ಳುವ ಹಿತ್ತಾಳೆಯ ಸುಣ್ಣದಕಾಯಿಯನ್ನು ಹಳೇ ಸಾಮಾನೆಂದು ಎತ್ತಿಕೊಟ್ಟಳು.

ಕೊಟ್ಟವಳು ಮೊಮ್ಮಗಳು, ಬೈಸಿಕೊಂಡವನು ನಾನು. “ನಮ್ಮವ್ವಂದು ಅಂತ ಉಳಿದಿದ್ದು ಅದೊಂದೇ ಐತ್ರಿ. ದಾರ್ಯಾಗೆ ಹೋಗೋ ಯಾರಾರ ಒಯ್ದ್ರೆ, ನೀವೂ ಅವ್ರ ಹಿಂದೇನೇ ಹೋಗಿಬಿಡ್ರಿ” ಎಂದು ಭೀಮವ್ವ ಒಳಗೆ ಹೋದವಳು ಹೊರಗೆ ಮಾತಿಗೇ ಬರಲಿಲ್ಲ. ಚಹಾದ ಲೋಟವನ್ನು ಕೂಡ ಹೊಸ್ತಿಲ ಮೇಲಿಟ್ಟು ತಿರುಗಿಬಿಡುತ್ತಿದ್ದಳು.

ಹೀಗಾಗಿ ಸೀಗೆ ಹುಣ್ಣಿಮೆ ಕಳೆದ ಭಾನುವಾರ, ಬೇರೆ ಯಾರೂ ಮುಟ್ಟುವ ಮೊದಲು ಅದನ್ನು ವಾಪಸು ತರಲು ನಾನು ಮತ್ತು ಭವ್ಯಾ ಹೊರಟೆವು. ಅಲ್ಲಿ ಟವರ್ ಸಿಗುವುದಿಲ್ಲವೆಂದು ಅವಳು ಮನೆಯಲ್ಲೇ ತಮ್ಮನ್ನು ಫೋನಿಗೆ ಇಳಿಸಿಕೊಂಡಿದ್ದಳು. ರಿಯಾಜ್ ಬರೆದಿಟ್ಟಿದ್ದ ಸುಳಿವನ್ನು ಇಳಿಸಿಕೊಳ್ಳುವುದನ್ನು ಮಾತ್ರ ಮರೆತಿದ್ದಳು. ಅವನನ್ನೇ ಕೇಳೋಣವೆಂದರೆ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ತಾವೊಬ್ಬರೇ ಗತಿ.

ತಮ್ಮ ಜ್ಞಾನವನ್ನು ಎಷ್ಟು ಹೊಗಳಲಿ! ಎಲ್ಲೋ ಆಕಾಶದ ಕಡೆ ನೋಡಿ ನಾವು ನಿಂತ ಜಾಗ ಹೇಳುತ್ತೀರಿ, ಕಾಲ ಬಳಿಯ ನೀರು ತಮಗೆ ಕಾಣುವುದಿಲ್ಲ. ತಾವು ಕಾಲುದಾರಿ ಎಂದು ತೋರಿಸಿದ್ದು ಭದ್ರಾ ಚಾನಲ್ಲಿನ ತೂಬುಗಾಲುವೆ. ನನ್ನ ಪಂಚೆ ಮೊಣಕಾಲಿನ ತನಕ ಕುಡಿದು ಬಂತು. “ಅಜ್ಜಾ, ಮ್ಯಾಪಿಗೆ ಬೈಬ್ಯಾಡ, ಅದಕ್ಕ ಕೇಳ್ಸಲ್ಲ” ಎಂದಳು ಭವ್ಯಾ. ಕೇಳಿಸದವರಿಗೆ ಬೈಯುವ ಸುಖವೇ ಬೇರೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಕೊನೆಗೆ ತಮ್ಮ ಚುಕ್ಕೆ ಒಂದು ಬದುವಿನ ಬನ್ನಿಗಿಡದ ಬುಡಕ್ಕೆ ಬಂದು ನಿಂತಿತು. ಹಬ್ಬದ ದಿನ ಹೊಲದವರು ಪಾಂಡವರೆಂದು ಐದು ಕಲ್ಲಿಟ್ಟು, ಅವರ ಹಿಂದೆ ಕಳ್ಳನೆಂದು ಇನ್ನೊಂದು ಕಲ್ಲು ಕೂಡಿಸಿ, ಎಲ್ಲಕ್ಕೂ ಸುಣ್ಣ ಕೆಮ್ಮಣ್ಣು ಬಳಿದು ಪೂಜೆ ಮಾಡಿದ್ದರು. ನಾನು ಚಪ್ಪಲಿ ಬಿಟ್ಟು, ಡಬ್ಬಿ ಬೇಗ ಸಿಗಲಪ್ಪಾ ಎಂದು ಆ ಕಲ್ಲುಗಳಿಗೆ ಕೈಮುಗಿದು, ಅವುಗಳಿಗೆ ಬೆನ್ನು ಕೊಟ್ಟು ಇಡೀ ಬದು ಜಾಲಾಡಿದೆ. ಬೇಲಿಯ ಮುಳ್ಳು ಸರಿಸಿದೆ, ಇಲಿಬಿಲಕ್ಕೆ ಕೋಲು ಹಾಕಿದೆ, ಎಲ್ಲಿ ಹೋದರೂ ತಾವು ಅದೇ ಗಿಡದ ಬುಡ ತೋರಿಸಿದಿರಿ. ಆಗ ನಾನು ತಮ್ಮ ತಾಯಿ ತಂದೆಯವರ ಬಗ್ಗೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಷ್ಟರಲ್ಲಿ ಹೊಲದೊಡತಿ ಕಮಲಕ್ಕ ಕುಡುಗೋಲು ಹಿಡಿದು ಬಂದಳು. “ಯಾಕ್ರಿ ಅಜ್ಜಾರೇ, ನಮ್ಮ ಬದುವಿನಾಗೆ ಏನು ಕಳಕೊಂಡೀರಿ?” ಸಂಗತಿ ಕೇಳಿ, ಪಾಂಡವರ ಹಿಂದಿನ ಕಳ್ಳನ ಕಡೆ ಕೈ ತೋರಿಸಿ, ಸೆರಗು ಬಾಯಿಗೆ ಹಿಡಿದು ನಗತೊಡಗಿದಳು: “ಹುಣ್ಣಿಮಿ ದಿನ ಇಲ್ಲೇ ಬಿದ್ದಿತ್ತು, ಚಂದ ಐತೆ ಅಂತ ಕೂಡಿಸ್ದೆ. ಈ ಸರ್ತಿ ಕಳ್ಳ ಬಾಳ ಹಗುರ ಅದಾನಲ್ಲ ಅಂತ ನಮ್ಮೋರಿಗೆ ಅಂದಿದ್ದೆ ನೋಡ್ರಿ!”

ಡಬ್ಬಿ ಕಲ್ಲಿನಂತೆ ಕಾಣಲೆಂದು ರಿಯಾಜ್ ಅದಕ್ಕೆ ಸಿಮೆಂಟು ಮೆತ್ತಿದ್ದನಂತೆ. ಭವ್ಯಾ ಕಳ್ಳನನ್ನು ಎತ್ತಿ ಅಲುಗಾಡಿಸಿದಳು, ಒಳಗಿನಿಂದ ಹಿತ್ತಾಳೆಯ ಸದ್ದು ಬಂತು.

ಆದರೆ ಕಮಲಕ್ಕ ಬಿಡಬೇಕಲ್ಲ. “ಪೂಜಿ ಆದ ಕಳ್ಳನ್ನ ಹಂಗೇ ಒಯ್ಯಂಗಿಲ್ರಿ. ಒಂದು ತಗಂಡ್ರೆ ಒಂದು ಇಟ್ಟು ಹೋಗ್ರಿ.” ಆಟದ ಕಾಯಿದೆಯನ್ನು ಈಕೆಗೆ ಯಾರು ಹೇಳಿಕೊಟ್ಟರೆಂದು ಭವ್ಯಾ ಬಾಯಿ ಬಿಟ್ಟು ನೋಡಿದಳು. ನಾನು ಕಾಲುವೆಯಿಂದ ಒಂದು ಕಲ್ಲು ತಂದರೆ, “ಇಷ್ಟು ಸಣ್ಣ ಕಳ್ಳ ಏನು ಕದ್ದಾನ್ರಿ?” ಎಂದು ಬಿಸಾಕಿದಳು. ಇನ್ನೊಂದು ತಂದೆ, ಅದಕ್ಕೆ ಮೂಗು ಸರಿಯಿಲ್ಲ. ಬೆನ್ನು ಮುರಿಯುವಂಥದ್ದೊಂದನ್ನು ಹೊತ್ತು ತಂದ ಮೇಲೆ, “ಹಾಂ, ಇವ ನಿಮ್ಮಂಗೇ ಅದಾನ” ಎಂದು ಒಪ್ಪಿಕೊಂಡಳು.

ಈಗ ನನ್ನ ದೂರು. ಡಬ್ಬಿಯ ವಿಷಯದಲ್ಲಿ ತಾವು ಮೊದಲಿನಿಂದಲೂ ಸರಿಯಾಗಿದ್ದಿರಿ, ಅದೇ ನನ್ನ ದೂರು. ಹಿರಿಯನೊಬ್ಬ ಅಷ್ಟು ಬೈಯುವಾಗ ಒಮ್ಮೆಯಾದರೂ ತಪ್ಪು ತೋರಿಸಿ ಅವನ ಮಾನ ಉಳಿಸುವುದು ಮರ್ಯಾದಸ್ಥರ ಲಕ್ಷಣ. ಆದ್ದರಿಂದ ಇನ್ನು ಮುಂದೆ ತಾವು ಕಾಲುವೆಗೆ ನೀರು ಬಿಟ್ಟ ದಿನ, ಹೊಲದೊಡತಿಯ ಕುಡುಗೋಲಿನ ಉದ್ದ, ಮನೆಗೆ ಮರಳಿದಾಗ ಹೆಂಡತಿಯ ಮುಖ ಯಾವ ದಿಕ್ಕಿಗಿರುತ್ತದೆ ಎಂಬುದು, ಇವನ್ನೂ ತೋರಿಸತಕ್ಕದ್ದು. ಎಲ್ಲವೂ ಸಿಗ್ನಲ್ ಇಲ್ಲದೆಯೇ ಆಗಬೇಕು.

ಸುಣ್ಣದಕಾಯಿಯನ್ನು ಭೀಮವ್ವನ ಅಂಗೈಗಿಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು. “ಪಂಚೆ ಯಾಕ ಹಸಿ ಐತೆ? ತೆಗೀರಿ, ನೆಗಡಿ ಆಗ್ತೈತಿ” ಎಂದಳು. ಆ ದಿನದ ಚಹಾ ನೇರ ನನ್ನ ಕೈಗೇ ಬಂತು.

ಒದ್ದೆ ಪಂಚೆಯ, ತಲೆ ತಗ್ಗಿಸದ,
ತಮ್ಮ ವಿಶ್ವಾಸಿ,
ದುರುಗಣ್ಣ

ತಾ.ಕ.: ಇನ್ನು ಯಾರ ಕೈಗೂ ಸಿಗಬಾರದೆಂದು ಭೀಮವ್ವ ಸುಣ್ಣದಕಾಯಿಯನ್ನು ಮನೆಯೊಳಗೇ ಎಲ್ಲೋ ಬಚ್ಚಿಟ್ಟಳು. ಎಲ್ಲಿಟ್ಟೆನೆಂಬುದು ಈಗ ಅವಳಿಗೇ ನೆನಪಿಲ್ಲ, ಬೈಗುಳ ಮತ್ತೆ ನನಗೇ. ತಮ್ಮ ಚುಕ್ಕೆ ನೋಡಿದರೆ ನಮ್ಮಿಡೀ ಮನೆಯನ್ನೇ ಮುಚ್ಚಿ ಕೂತಿದೆ. ಸಾರಥಿಯ ಬದುವಿನಲ್ಲಿ ಮೆರೆದ ಮಹಾತಾಯಿ, ಎರಡು ಕೋಣೆಯ ಮನೆಯಲ್ಲಿ ಯಾಕಮ್ಮಾ ಬಾಯಿ ಮುಚ್ಚಿಕೊಂಡಿರಿ?