ಐಸ್ ಮುಟ್ಟದ ಮೀನು

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಹೆಂಡತಿಯ ಅಣ್ಣ ಸುಧೀರ ತನ್ನನ್ನು ಒಂದು ಜನವೆಂದು ಎಣಿಸಲಿಲ್ಲ ಎಂಬುದು ಕುಷ್ಟನ ಹಳೆಯ ದೂರು. ಮುಂಬಯಿಯಲ್ಲಿ ಹೋಟೆಲು ಇಟ್ಟ ಭಾವ ಊರಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಭಾವ, ಇವತ್ತ್ ಮೀನ್ ಎಂತ ಇತ್ತ್?"

ಮೊಪೆಡ್ಡಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವನನ್ನು ಮತ್ತೇನು ಕೇಳಬೇಕು ಎನ್ನುತ್ತೀರೇನೋ. ಆದರೆ ಕುಷ್ಟ ಸಾಮಾನ್ಯ ಮೀನು ವ್ಯಾಪಾರಿಯಲ್ಲ. ಐಸಿನ ಮೀನೆಂದರೆ ಮೂಗು ಮುರಿಯುವ ಬೀಜಾಡಿಯಲ್ಲಿ ಅವನು ಹಾರ್ನ್ ಹೊಡೆದು, "ಈಗ ದೋಣಿಯಿಂದ ಇಳ್ದದ್! ಐಸ್ ಮುಟ್ಟದ ಮೀನ್!" ಎಂದು ಕೂಗಿದರೆ ಹೆಂಗಸರು ಒಲೆಯ ಮೇಲಿನ ಹಾಲನ್ನೂ ಮರೆತು ಪಾತ್ರೆ ಹಿಡಿದು ಓಡಿ ಬರುತ್ತಿದ್ದರು. ಆ ಕೊನೆಯ ಮೂರು ಪದವೇ ಅವನ ಸ್ಥಿರಾಸ್ತಿ, ಚರಾಸ್ತಿ ಎಲ್ಲ. (ಪೆಟ್ಟಿಗೆಯ ಮುಚ್ಚಳವನ್ನು ಅವನು ಯಾರೆದುರೂ ಪೂರ್ತಿ ತೆರೆಯುತ್ತಿರಲಿಲ್ಲ, ಅದು ಬೇರೆ ವಿಷಯ.)

ಹೀಗಿರಲು ಬೀಜಾಡಿಯಲ್ಲಿ ಸುಧೀರನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ನಿಶ್ಚಯವಾಯಿತು.

"ಭಾವ, ಒಕ್ಕಲಿನ ದಿನ ಹಾಲಲ್ಲಿ ಮೀನ್ ಇಡ್ಕ್" ಎಂದ ಸುಧೀರ.

ಕುಷ್ಟ ಬೆಚ್ಚಿಬಿದ್ದ. "ಹಾಲ್ ಉಕ್ಸು ದಿನ ಹಾಲಿಗೆ ಮೀನ್ ಹಾಕುದಾ?"

"ಆ ಹಾಲ್ ಅಲ್ಲ ಮಾರಾಯ್ರೆ, ಸೋಫಾ ಇಪ್ಪ ಹಾಲ್! ಗಾಜಿನ ಟ್ಯಾಂಕಂಗೆ ಸಿಕ್ಲಿಡ್ ಅಂಬ ಮೀನ್. ಕಾಂಬ ಮೀನ್, ತಿಂಬ ಮೀನ್ ಅಲ್ಲ. ಬ್ರಹ್ಮಾವರದ ಅಂಗಡಿಯಂಗೆ ಹೇಳಿ ಇಟ್ಟಿದೆ. ಮೀನ್ ತಕಂಡ್ ಬಪ್ಪುದು, ಟ್ಯಾಂಕ್ ಹೂಡುದು ಎಲ್ಲ ನಿಮ್ಮ್ ಜವಾಬ್ದಾರಿ."

ಜವಾಬ್ದಾರಿ! ಭಾವನ ಬಾಯಿಂದ! ಕುಷ್ಟ ಎರಡು ದಿನ ಮೊದಲೇ ಹೋಗಿ ಮರಳನ್ನು ಏಳು ನೀರಲ್ಲಿ ತೊಳೆದು ಹಾಸಿದ. ಈ ಮೀನುಗಳು ಜಾಗಕ್ಕಾಗಿ ದಾಯಾದಿಗಳಂತೆ ಕಚ್ಚಾಡುತ್ತವೆ ಎಂದು ಕೇಳಿ, ಒಂದೊಂದಕ್ಕೂ ಅಡಗಲು ಕಲ್ಲು, ಹಂಚಿನ ಚೂರು ಪೇರಿಸಿ ಗೂಡು ಮಾಡಿದ. ಬಾವಿ ನೀರು ತುಂಬಿಸಿ ಪಂಪು ಹಚ್ಚಿದ.

"ಅಪ್ಪನ ಮನಿ ಜನ್ರ ಎದ್ರ್ ಮರ್ಯಾದಿ ತೆಗೂಕಾಗ, ಆಯ್ತಾ?" ಎಂದಳು ಹೆಂಡತಿ ಪುಷ್ಪ.

"ಮೀನಿನ ವಿಷ್ಯ ನಂಗೆ ಹೇಳ್ತ್ಯಲೆ!" ಎಂದ ಕುಷ್ಟ.

ಒಕ್ಕಲಿನ ದಿನ ಬ್ರಹ್ಮಾವರದ ಅಂಗಡಿಯ ರವಿಚಂದ್ರನಿಗೂ ಅವನು ಹೇಳಿದ್ದು ಅದನ್ನೇ. ಆ ಮನುಷ್ಯ ಹಳದಿ ನಾಲ್ಕು, ನೀಲಿ ನಾಲ್ಕು ಮೀನನ್ನು ಗಾಳಿ ತುಂಬಿದ ಚೀಲಕ್ಕೆ ಬಿಟ್ಟು, "ಶಾಖ ಹೆಚ್ಚ್ ಕಮ್ಮಿ ಆಪುಕಾಗ. ಮನಿಗೆ ಹೋದ್ಕೂಡ್ಲೆ ಚೀಲನ್ನ ಹಾಂಗೇ ಅರ್ಧ ಗಂಟೆ ಟ್ಯಾಂಕಂಗೆ ತೇಲ್ಸಿ" ಎನ್ನುತ್ತಿದ್ದಾಗ ಕುಷ್ಟ ಆಗಲೇ ಮೊಪೆಡ್ ಒದ್ದಿದ್ದ. "ಮೂರ್ ತಲೆಮಾರ್ ಮೀನ್ ಮಾರಿದ ಮನಿ ನಮ್ದ್!"

ಏಪ್ರಿಲ್ ತಿಂಗಳ ಬಿಸಿಲು. ಕೋಟ ಪೇಟೆ ಮುಟ್ಟುವಾಗ ಪೆಟ್ಟಿಗೆ ತೆರೆದು ಚೀಲ ಮುಟ್ಟಿ ನೋಡಿದ. ಬೆಚ್ಚಗಿತ್ತು. ಮೀನು ಬೆಚ್ಚಗಾದರೆ ಕುಷ್ಟನ ಕೈ ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಗುರುತಿನ ಐಸ್ ಅಂಗಡಿಯೆದುರು ಮೊಪೆಡ್ ತಾನಾಗಿಯೇ ನಿಂತಿತು. ಅಡಿಯಲ್ಲಿ ನಾಲ್ಕು ಹಿಡಿ ಐಸ್, ಮೇಲೆ ಚೀಲ, ಚೀಲದ ಮೇಲೆ ಮತ್ತೆ ನಾಲ್ಕು ಹಿಡಿ. ಮುಚ್ಚಳ ಬಿಗಿದು ಹೊರಟ.

ಊಟ ಮುಗಿಸಿದ ನೆಂಟರೆಲ್ಲ ಟ್ಯಾಂಕಿನ ಸುತ್ತ ಕಾದಿದ್ದರು. ಅರ್ಧದಷ್ಟು ಜನ ಕುಷ್ಟನ ಗಿರಾಕಿಗಳೇ. ಅವನು ಗತ್ತಿನಿಂದ ಚೀಲವನ್ನು ನೀರಿನಲ್ಲಿ ತೇಲಿಬಿಟ್ಟ. ಎಂಟೂ ಮೀನು ಅಡ್ಡಡ್ಡ ಮಲಗಿದ್ದವು.

"ಭಾವ, ಸತ್ತ್ ಹೋಯ್ತಾ?" ಎಂದ ಸುಧೀರ.

ಕುಷ್ಟನ ತಲೆ ಖಾಲಿಯಾಯಿತು. ನಾಲಗೆ ಮಾತ್ರ ಇಪ್ಪತ್ತು ವರ್ಷದ ರೂಢಿಯಂತೆ ಓಡಿತು: "ಸತ್ರೆ ಎಂತ ಆಯ್ತ್? ತಾಜಾ ಇತ್ತ್! ಕಿವಿರ್ ಕಾಣಿ, ಕೆಂಪ್ ಕೆಂಪ್!"

ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಪುಷ್ಪ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದನ್ನು ಕಂಡು ಕುಷ್ಟನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸುಧೀರ ನಗಲಿಲ್ಲ. ರವಿಚಂದ್ರನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದ. "ದಾರಿಯಂಗೆ ಐಸ್ ಗೀಸ್ ಹಾಕಿದ್ರಾ ಕೇಣಿ" ಎಂದಿತು ಫೋನು. "ಥಂಡಿಗೆ ಬಿದ್ದದ್ದಾರೆ ಮೆಲ್ಲ ಬೆಚ್ಚಗಾಯಿ ಏಳತ್ತ್. ಐಸ್ ಹಾಕ್ದೇ ಹಿಂಗಾದ್ದಾರೆ ರೋಗ. ಟ್ಯಾಂಕಿಗೆ ಬಿಡುಕಾಗ, ಚೆಲ್ಲಿ ಬಿಡಿ."

"ಐಸಾ?" ಎಂದು ಪುಷ್ಪ ಸೆರಗು ಕೆಳಗಿಳಿಸಿದಳು. ಗಂಡನ ಮಾನ ಉಳಿಸುವ ಗಳಿಗೆ ಅವಳಿಗೆ ಸಿಕ್ಕಿತ್ತು. "ಊರಿಗೇ ಗೊತ್ತಿತ್ತ್, ನಮ್ಮನಿಯವ್ರ್ ಐಸ್ ಮುಟ್ಟುದೇ ಇಲ್ಲ!"

ಹೌದು ಹೌದು ಎಂದರು ಗಿರಾಕಿಗಳು. ಹಾಗಾದರೆ ರೋಗವೇ ಎಂದು ಸುಧೀರ ಚೀಲವನ್ನು ಎತ್ತಿದ. ಆಗ ಒಂದು ಹಳದಿ ಮೀನಿನ ಕಿವಿರು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರಿಗೂ ಕಾಣದ್ದು ಕುಷ್ಟನ ಕಣ್ಣಿಗೆ ಕಂಡಿತು. ಸತ್ತ ಮೀನನ್ನು ಎಷ್ಟೋ ಕೊಯ್ದವನು ಬದುಕಿರುವುದನ್ನು ಚೆಲ್ಲಿದವನಲ್ಲ.

"ಹ್ವಾಯ್ ಭಾವ, ಇಡಿ ಅದನ್ನ! ಐಸ್ ಹಾಕಿದೆ ನಾನ್!"

"ನೀವಾ? ಐಸಾ?"

"ಎಂತ ಮಾಡುದ್? ಇಪ್ಪತ್ತ್ ವರ್ಷದಂಗೆ ಐಸ್ ಹಾಕ್ದೇ ಒಂದ್ ಮೀನೂ ತಂದವ ಅಲ್ಲ ನಾನ್! ಕೈಗೆ ಅದೇ ಅಭ್ಯಾಸ!"

ಸುಧೀರ ಚೀಲವನ್ನು ಮತ್ತೆ ನೀರಿಗಿಟ್ಟ. ಸ್ವಲ್ಪ ಹೊತ್ತಿಗೆ ಹಳದಿಯದೊಂದು ಬಾಲ ಬಡಿದು ನೆಟ್ಟಗಾಯಿತು. ಹಿಂದೆಯೇ ನೀಲಿಯದೊಂದು, ಆಮೇಲೆ ಒಂದೊಂದಾಗಿ ಎಲ್ಲವೂ. ಕುಷ್ಟ ಖುಷಿಯಿಂದ ತಿರುಗಿ ನೋಡಿದರೆ ಟ್ಯಾಂಕಿನ ಕಡೆಗೆ ಒಂದು ಕಣ್ಣೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಅವನನ್ನು.

ಮೊದಲು ಬಾಯಿ ಬಿಟ್ಟವಳು ಕುಷ್ಟನ ಅತ್ತೆ ಪದ್ದಕ್ಕ. "ಕುಷ್ಟಾ, ಹಾಂಗಾರೆ ಮೊನ್ನೆ ನಂಗೆ ಕೊಟ್ಟ ಅಂಜಲ್ ಮೀನ್?"

"ಅದೂ... ಅತ್ತಿ."

"ನಮ್ಮನಿ ಬಯಕಿ ಊಟಕ್ಕೆ ಕೊಟ್ಟ ಪಾಂಪ್ಲೆಟ್ ಮೀನ್?" ಎಂದಳು ನೆರೆಮನೆಯ ವಿನಯಾ.

ಕುಷ್ಟ ಟ್ಯಾಂಕಿನ ಕಡೆಗೆ ತಿರುಗಿದ. ಚೀಲ ಬಿಚ್ಚಿ ಮೀನುಗಳನ್ನು ಟ್ಯಾಂಕಿಗೆ ಬಿಟ್ಟ. ಎಂಟೂ ಓಡಿಹೋಗಿ ಅವನು ಕಟ್ಟಿದ ಗೂಡುಗಳಲ್ಲಿ ಅಡಗಿದವು. ಅಡಗಲು ಜಾಗವಿಲ್ಲದೆ ನಿಂತವನು ಅವನೊಬ್ಬನೇ.

ಮರುದಿನ ಬೆಳಿಗ್ಗೆ ಅವನು ಬರೀ ಹಾರ್ನ್ ಹೊಡೆದ, ಕೂಗಲಿಲ್ಲ. ಯಾವ ಮನೆಯ ಪಾತ್ರೆಯೂ ಹೊರಗೆ ಬರಲಿಲ್ಲ. ಕೊನೆಗೆ ಹೊಸ ಮನೆಯ ಗೇಟಿಗೆ ಪಾತ್ರೆ ಹಿಡಿದು ಬಂದವನು ಸುಧೀರನೇ.

"ಭಾವ, ಇವತ್ತ್ ಮೀನ್ ಎಂತ ಇತ್ತ್?"

ಹದಿನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕುಷ್ಟನಿಗೆ ಇಷ್ಟು ಹಿತವಾಗಿ ಕೇಳಿದ್ದಿಲ್ಲ. "ಬಂಗ್ಡಿ ಇತ್ತ್ ಭಾವ, ಒಳ್ಳೇದಿತ್ತ್" ಎಂದು ಮುಚ್ಚಳವನ್ನು ಪೂರ್ತಿ ತೆರೆದ.

ಸುಧೀರ ಐಸಿನ ನಡುವಿನಿಂದ ಒಂದು ಬಂಗಡೆಯನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿ ಗಂಭೀರವಾಗಿ ಕೇಳಿದ:

"ಬೆಚ್ಚಗಿನ ನೀರಿಗೆ ಬಿಟ್ರೆ ಏಳತ್ತಾ?"