ಕಿಟಕಿಗಡ್ಡ ನಿಂತ ದೋಣಿ

ಬೆಳಗಿನ ಹೊತ್ತಿನಲ್ಲೂ ದೀಪ ಹಾಕಿಕೊಂಡೇ ಅವಳು ಪಾತ್ರೆ ತೊಳೆಯುತ್ತಿದ್ದಳು. ಲೋಟಗಳಾದವು, ತಟ್ಟೆಗಳಾದವು, ಕೊನೆಗೆ ಸಿಂಕಿನ ತಳದಲ್ಲಿ ಕಪ್ಪು ರಬ್ಬರಿನ ಬಿರಡೆಯೊಂದು ಕೈಗೆ ಸಿಕ್ಕಿತು. ಜಿಡ್ಡು ಹೋಗುವ ಹಾಗೆ ತೊಳೆದು ಬ್ಯಾಗಿಗೆ ಹಾಕು ಎಂದು ಗಂಡ ಹಿಂದಿನ ದಿನವೇ ಅದನ್ನು ಎಂಜಲು ತಟ್ಟೆಗಳ ಜೊತೆ ಬಿಟ್ಟಿದ್ದ. ದೋಣಿಯ ಹಿಂಬದಿಯಲ್ಲಿ, ತಳದ ಹತ್ತಿರ ಒಂದು ತೂತು. ಒಳಗೆ ನಿಂತ ಮಳೆನೀರು ಹರಿದುಹೋಗಲೆಂದು ಇರುವುದು. ನೀರಿಗಿಳಿಸುವಾಗ ಆ ತೂತಿಗೆ ಈ ಬಿರಡೆ ಜಡಿಯಬೇಕು. ಅವಳು ಸೋಪು ಹಾಕಿ ಉಜ್ಜಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸಿ, ಒಣಗಲಿ ಎಂದು ಪಕ್ಕಕ್ಕಿಟ್ಟಳು.

ಆ ಹಾಯಿದೋಣಿ, ಕಾರಿನ ಹಿಂದೆ ಕಟ್ಟಿ ಎಳೆಯುವ ತನ್ನ ಟ್ರೈಲರ್ ಸಮೇತ, ಮೂರು ವರ್ಷದಿಂದ ಅಡುಗೆಮನೆಯ ಕಿಟಕಿಗೆ ಹೊಟ್ಟೆ ತಾಗಿಸಿಕೊಂಡು ನಿಂತಿತ್ತು. ಗಂಡನದು ಕನ್ನಡಕದಂಗಡಿ. ಊರಿನವರಿಗೆಲ್ಲ ದೂರದ್ದು, ಹತ್ತಿರದ್ದು ಕಾಣಿಸುವಂತೆ ಮಾಡುವ ಮನುಷ್ಯನಿಗೆ ಹೆಂಡತಿ ಹಾಡಹಗಲು ದೀಪದ ಕೆಳಗೆ ಅಕ್ಕಿ ಆರಿಸುವುದು ಕಂಡಿರಲಿಲ್ಲ. ಅವಳೂ ಹೆಚ್ಚೇನು ಕೇಳಿರಲಿಲ್ಲ. ಆ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಮುಖದ ಮೇಲೆ ಬೆಳಕು ಬಿದ್ದಿರುವಾಗ ಒಬ್ಬಳೇ ಕೂತು ಒಂದು ಲೋಟ ಚಹಾ ಕುಡಿಯಬೇಕು. ಅಷ್ಟೇ ಅವಳ ಆಸೆ. ಈ ಮೂರು ವರ್ಷ ಆ ಕತ್ತಲಲ್ಲಿ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಾಣಲೆಯಿಂದಲೇ ತಿಂದಿದ್ದಳು, ಅಪಶ್ರುತಿಯಲ್ಲಿ ಹಾಡಿದ್ದಳು, ಗಂಡ ಗಿರಾಕಿಗಳ ಜೊತೆ ಮಾತಾಡುವುದನ್ನು ಅಣಕಿಸಿದ್ದಳು. ಅದೆಲ್ಲ ಹೊತ್ತು ಕಳೆಯಲು ಮಾಡಿಕೊಂಡದ್ದು ಎಂದುಕೊಂಡಿದ್ದಳು.

ಅವಳ ಆಸೆಗೆ ಬೆಂಬಲವಾಗಿ ನಿಂತವರು ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ. ಹೆಂಗಸರು ಕತ್ತಲಲ್ಲಿ ಅಡುಗೆ ಮಾಡಬಾರದು, ಕಣ್ಣು ಹೋಗುತ್ತದೆ ಎಂದು ಕಾಂಪೌಂಡಿನ ಆಚೆಯಿಂದ ದಿನಾ ಪಾಠ ಮಾಡಿ, ಕೊನೆಗೆ ಕೆರೆಯ ಕಾವಲುಗಾರನನ್ನು ತಾವೇ ಕಂಡು, ದೋಣಿ ಕಟ್ಟಲು ನೀರಿನಲ್ಲಿ ಒಂದು ಕಂಬ ಗೊತ್ತುಮಾಡಿಸಿದ್ದರು. ಕಾವಲುಗಾರನ ಷರತ್ತು ಒಂದೇ: ಇವತ್ತು ಸಂಜೆಯೊಳಗೆ ದೋಣಿ ಬಂದು ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಕಂಬ ಬೇರೆಯವರಿಗೆ.

ಹಾಗಾಗಿ ಹೊರಟರು. ಗಂಡ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಇನ್ಶೂರೆನ್ಸ್ ಏಜೆಂಟನಾಗಿದ್ದ ಮೈದುನ; ಮುಂದೆ ಆಗಬಹುದಾದ ಅನಾಹುತಗಳನ್ನು ಒಂದೊಂದಾಗಿ ಹೇಳುವುದು ಅವನಿಗೆ ಉಸಿರಾಟದಷ್ಟೇ ಸಹಜ. ಹಿಂದಿನ ಸೀಟಿನಲ್ಲಿ ಊಟದ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಅವಳು. ಅವಳ ಪಕ್ಕ, ಯಾರೂ ಕರೆಯದಿದ್ದರೂ, ಕೊಡೆ ಹಿಡಿದ ಹೆಡ್‌ಮೇಡಂ.

ಕೆರೆಯಲ್ಲಿ ದೋಣಿ ಇಳಿಸಲೆಂದು ಮಾಡಿದ್ದ ಇಳಿಜಾರು ನೋಡಿ ಅವಳಿಗೆ ಮೊದಲ ಆಘಾತವಾಯಿತು. ಇಳಿಜಾರು ಎನ್ನಲು ಅಲ್ಲಿ ಇಳಿಯುವಂಥದ್ದೇನೂ ಇರಲಿಲ್ಲ. ಕಾಂಕ್ರೀಟು ಹೆಚ್ಚುಕಡಿಮೆ ಊಟದ ಮೇಜಿನ ಹಾಗೆ ಮಟ್ಟಸವಾಗಿ ನೀರಿನೊಳಗೆ ಹೋಗಿತ್ತು. ಗಂಡ ಕಾರನ್ನು ಹಿಂದಕ್ಕೆ ತಂದ. ಟ್ರೈಲರಿನ ಚಕ್ರ ನೀರಿಗಿಳಿಯಿತು, ಕಾರಿನ ಹಿಂದಿನ ಚಕ್ರವೂ ಇಳಿಯಿತು, ದೋಣಿ ಮಾತ್ರ ಪಾದ ಒದ್ದೆಯಾದ ಬೆಕ್ಕಿನ ಹಾಗೆ ಟ್ರೈಲರಿನ ಮೇಲೆ ಕೂತೇ ಇತ್ತು. ಇನ್ನೂ ಹಿಂದಕ್ಕೆ ಎಂದರು ಹೆಡ್‌ಮೇಡಂ. ಸೈಲೆನ್ಸರಿನ ಬಾಯಿ ನೀರಿನಲ್ಲಿ ಮುಳುಗಿ ಗುಳುಗುಳು ಎಂದಿತು. ಗಂಡ ಗಾಬರಿಯಾಗಿ ಕಾರನ್ನು ಮುಂದಕ್ಕೆ ತಂದು ನಿಲ್ಲಿಸಿ, ಹಣೆ ಒರೆಸಿಕೊಂಡ.

ಇಲ್ಲಿ ಎಲ್ಲರೂ ಟ್ರೈಲರನ್ನು ಕಾರಿನಿಂದ ಬಿಚ್ಚಿ, ಉದ್ದ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಕಾರಿಗೆ ಬಿಗಿದು, ಮೆಲ್ಲಗೆ ನೀರಿಗೆ ಬಿಡುತ್ತಾರೆ ಎಂದು ಕಾವಲುಗಾರ ಹೇಳಿದ. ಹೇಳಿ ತನ್ನ ಸ್ಟೂಲಿನ ಮೇಲೆ ಕೂತುಕೊಂಡ. ಹಗ್ಗವೇನೋ ಕಟ್ಟಿದರು. ಆದರೆ ಕಾರಿಗೆ ಬಿಗಿದರೆ ಬಂಪರು ಕಿತ್ತುಬರಬಹುದು, ಅದಕ್ಕೆ ಕ್ಲೇಮು ಸಿಗುವುದಿಲ್ಲ ಎಂದು ಮೈದುನ ತಡೆದ. ಹಾಗಾದರೆ ಯಾರಾದರೂ ಹಿಡಿದುಕೊಳ್ಳಲಿ ಎಂದು ತೀರ್ಮಾನವಾಯಿತು. ಗಂಡಸರಿಬ್ಬರೂ ತಳ್ಳುವವರು. ಹೆಡ್‌ಮೇಡಂ ಕೈಯಲ್ಲಿ ಕೊಡೆ. ಉಳಿದವಳು ಅವಳು.

"ಗಟ್ಟಿಯಾಗಿ ಹಿಡ್ಕೊ. ಏನೇ ಆದ್ರೂ ಬಿಡಬೇಡ" ಎಂದ ಗಂಡ.

"ಎಷ್ಟು ಭಾರ ಇರುತ್ರೀ ಇದು?" ಎಂದು ಅವಳು ಕೇಳಿದಳು.

"ಇಳಿಜಾರೇ ಇಲ್ವಲ್ಲ ಅತ್ತಿಗೆ, ಎಲ್ಲಿಗೆ ಹೋಗುತ್ತೆ?" ಎಂದ ಮೈದುನ.

ಇಬ್ಬರೂ ತಳ್ಳಿದರು. ಟ್ರೈಲರು ಹೋಯಿತು. ಚೆನ್ನಾಗಿಯೇ ಹೋಯಿತು. ಕಾಂಕ್ರೀಟು ನೀರಿನೊಳಗೆ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ಅದರ ಅಂಚಿನಲ್ಲಿ ಚಕ್ರಗಳು ಧಡಕ್ಕನೆ ಕೆಳಗೆ ಬಿದ್ದವು, ದೋಣಿಯ ಮೂತಿ ಆಕಾಶ ನೋಡಿತು, ಹಗ್ಗ ಸೆಟೆದುಕೊಂಡಿತು. ಮರುಕ್ಷಣ ಅವಳು ಚಪ್ಪಲಿಯನ್ನು ದಡದಲ್ಲೇ ಬಿಟ್ಟು, ಗಂಡನನ್ನೂ ಮೈದುನನನ್ನೂ ದಾಟಿಕೊಂಡು, ಮದುವೆಯಾದಾಗಿನಿಂದ ಎಂದೂ ಓಡದಷ್ಟು ವೇಗವಾಗಿ ಕೆರೆಯೊಳಗೆ ಓಡುತ್ತಿದ್ದಳು. ಬಿಡಬೇಡ ಎಂದದ್ದರಿಂದ ಬಿಟ್ಟಿರಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತಾಗಲೂ ಹಗ್ಗ ಕೈಯಲ್ಲೇ ಇತ್ತು.

"ಬಿಟ್ಟುಬಿಡಬಾರದೇನಮ್ಮ?" ಎಂದರು ದಡದಿಂದ ಹೆಡ್‌ಮೇಡಂ.

ದೋಣಿ ಈಗಲೂ ತೇಲಲಿಲ್ಲ. ಹಿಂಭಾಗ ನೀರಿನಲ್ಲಿದ್ದರೂ ಅಲುಗಾಡುತ್ತಿರಲಿಲ್ಲ. ಮೂವರೂ ಸುತ್ತ ತಡಕಿದ ಮೇಲೆ ಗೊತ್ತಾಯಿತು, ದೋಣಿಯನ್ನು ಟ್ರೈಲರಿಗೆ ಬಿಗಿದ ಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ. ನೀನು ಬಿಚ್ಚಿದೆ ಅಂದುಕೊಂಡೆ ಎಂದು ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ಹೇಳಿದರು. ಪಟ್ಟಿ ಬಿಚ್ಚಿದ್ದೇ ತಡ ದೋಣಿ ಒಮ್ಮೆ ಮೈಕೊಡವಿ, ಹಗುರವಾಗಿ ನೀರಿನ ಮೇಲೆ ಎದ್ದು ನಿಂತಿತು. ಅವಳಿಗೆ ಕಣ್ಣು ತುಂಬಿ ಬಂತು. ಅಡುಗೆಮನೆಗೆ ಬಿಸಿಲು ಬೀಳುವುದು ಇಲ್ಲಿಂದಲೇ ಕಂಡ ಹಾಗಾಯಿತು.

ಗಂಡ ದೋಣಿ ಹತ್ತಿದ. ಹತ್ತಿದವನು ತನ್ನ ಪಾದ ನೋಡಿಕೊಂಡ. ಆಮೇಲೆ ಅವಳ ಕಡೆ ನೋಡಿದ. ಒಳಗೆ ಗೇಣು ಆಳ ನೀರು ನಿಂತಿತ್ತು.

"ಬಿರಡೆ?"

ಬ್ಯಾಗಿನಲ್ಲಿದೆ ಎಂದಳು ಅವಳು. ದಡಕ್ಕೆ ಬಂದು ಬ್ಯಾಗು ಸುರಿದಳು. ಬ್ರೆಡ್ಡು, ಸೌತೆಕಾಯಿ, ಕ್ಯಾರೆಟ್ಟು, ಉಪ್ಪಿನ ಡಬ್ಬಿ. ಬಿರಡೆ ಇಲ್ಲ. ಒರೆಸಿದ್ದು ನೆನಪಿದೆ, ಪಕ್ಕಕ್ಕಿಟ್ಟದ್ದು ನೆನಪಿದೆ, ಆಮೇಲಿನದು ಮಬ್ಬು. ಇಡೀ ಯೋಜನೆಯಲ್ಲಿ ಅವಳಿಗೆ ವಹಿಸಿದ್ದು ಒಂದೇ ಒಂದು ಕೆಲಸ ಎಂದು ಗಂಡ ದೋಣಿಯಿಂದಲೇ ಸಾರಿದ. ಹಗ್ಗವನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಮರೆವಿಗೆ ಪಾಲಿಸಿ ಇಲ್ಲ ಎಂದ ಮೈದುನ. ಕತ್ತಲಲ್ಲಿ ಕೆಲಸ ಮಾಡಿದರೆ ಹೀಗೇ ಆಗುವುದು ಎಂದು ಹೆಡ್‌ಮೇಡಂ ಅವಳ ಪರವಾಗಿ ಮಾತಾಡಿದರೂ ಅದು ಬೈಗುಳದ ಹಾಗೇ ಕೇಳಿಸಿತು.

ದೋಣಿ ಮೆಲ್ಲಗೆ ತಗ್ಗುತ್ತಿತ್ತು. ಅದರ ಜೊತೆ ಅವಳ ಕುರ್ಚಿ, ಚಹಾ, ಬಿಸಿಲು ಎಲ್ಲವೂ ತಗ್ಗುತ್ತಿದ್ದವು. ಅವಳು ಒಂದು ದಪ್ಪ ಕ್ಯಾರೆಟ್ಟು ಎತ್ತಿಕೊಂಡು ಮತ್ತೆ ನೀರಿಗಿಳಿದಳು. ದೋಣಿಯ ಹಿಂಬದಿಗೆ ಹೋಗಿ ಬೆರಳಿನಲ್ಲಿ ತೂತಿನ ಅಳತೆ ನೋಡಿ, ಕ್ಯಾರೆಟ್ಟಿನ ತುದಿಯನ್ನು ಕಚ್ಚಿ ಉಗಿದು, ತೂತಿಗೆ ತುರುಕಿ, ಅಂಗೈಯಿಂದ ಗುದ್ದಿದಳು. ಗಂಡಸರಿಬ್ಬರೂ ಅವಳನ್ನು ಹೊಸದಾಗಿ ನೋಡುವವರಂತೆ ನೋಡಿದರು. ನೀರು ನಿಂತಿತು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ ಮೈದುನ.

ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿ, ಹಾಯಿ ಏರಿಸಿ, ಗಂಡ ಒಂದು ಸುತ್ತು ಹೋಗಿಬಂದ. ಮುಖದಲ್ಲಿ ಸಮುದ್ರ ಗೆದ್ದ ಕಳೆ. ಸಂಜೆಗೆ ಮುಂಚೆಯೇ ದೋಣಿ ಕಂಬಕ್ಕೆ ಕಟ್ಟಿಕೊಂಡಿತು. ಕಾವಲುಗಾರ ಬಂದು ಕ್ಯಾರೆಟ್ಟನ್ನು ಮುಟ್ಟಿ ನೋಡಿದ.

"ಈಗ ಉಬ್ಬಿ ಬಿಗಿಯಾಗುತ್ತೆ ಸಾರ್. ಮೂರ್ನಾಲ್ಕು ದಿನ ಹೋದ್ರೆ ಕೊಳೆತು ಮೆತ್ತಗಾಗುತ್ತೆ. ಅಷ್ಟರೊಳಗೆ ಸರಿಯಾದ್ದು ಹಾಕಿ. ಇಲ್ಲಿ ನೀರು ಆಳ ಇಲ್ಲ, ದೋಣಿ ಮುಳುಗಲ್ಲ, ಕೆಸರಲ್ಲಿ ಕೂತ್ಕೊಳ್ಳುತ್ತೆ. ಕೂತ ದೋಣೀನ ನಾನು ಇಟ್ಕೊಳ್ಳಲ್ಲ. ಮನೆಗೆ ವಾಪಸ್."

ಆ ಅಳತೆಯ ಬಿರಡೆ ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ತರಿಸಬೇಕು, ತಿಂಗಳಾಗುತ್ತದೆ ಎಂದೂ ಸೇರಿಸಿದ. ಮನೆಗೆ ಹೋದ ತಕ್ಷಣ ಹುಡುಕುತ್ತೇನೆ ಎಂದು ಅವಳು ಎಲ್ಲರೆದುರು ಮಾತು ಕೊಟ್ಟಳು. ಕಾರಿಗೆ ಹಗ್ಗ ಬಿಗಿದು ಟ್ರೈಲರನ್ನು ಎಳೆದರು. ಬಂಪರು ಕಿತ್ತುಬರಲಿಲ್ಲ. ಟ್ರೈಲರನ್ನು ಕೆರೆಯ ಪಕ್ಕದ ಶೆಡ್ಡಿನಲ್ಲೇ ಬಿಟ್ಟರು.

ಮನೆಗೆ ಬಂದವಳು ಬಟ್ಟೆ ಬದಲಾಯಿಸಿದ್ದೇ ಅಡುಗೆಮನೆಗೆ ನಡೆದಳು. ಬಾಗಿಲಲ್ಲೇ ನಿಂತುಬಿಟ್ಟಳು. ಇಳಿಬಿಸಿಲು ಕಿಟಕಿಯಿಂದ ಒಳಗೆ ಬಂದು ಡಬ್ಬಿಗಳ ಮೇಲೆ, ಒಲೆಯ ಮೇಲೆ, ಗೋಡೆಯ ಎಣ್ಣೆಕಲೆಯ ಮೇಲೂ ಚಿನ್ನದ ಹಾಗೆ ಬಿದ್ದಿತ್ತು. ದೀಪದ ಸ್ವಿಚ್ಚಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಚಹಾ ಮಾಡಿದಳು. ಕುರ್ಚಿ ತಂದು ಕಿಟಕಿಗೆ ಹಾಕಿದಳು. ಕೂತು, ಲೋಟವನ್ನು ತುಟಿಗೆ ತಂದಳು.

"ಅಷ್ಟೊಂದು ಸಕ್ಕರೆ ಹಾಕ್ಕೋತೀಯೇನಮ್ಮ?"

ಲೋಟ ಅಲುಗಿ ಚಹಾ ಮಡಿಲಿಗೆ ಚೆಲ್ಲಿತು. ಕಾಂಪೌಂಡಿನ ಆಚೆ, ತಮ್ಮ ವರಾಂಡದಲ್ಲಿ, ಹೆಡ್‌ಮೇಡಂ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡು ಕೂತಿದ್ದರು. ಅವಳು ಊಹಿಸಿದ್ದಕ್ಕಿಂತ ತುಂಬ ಹತ್ತಿರದಲ್ಲಿ.

"ಎರಡು ಚಮಚ ಹಾಕಿದ್ದು ನೋಡಿದೆ. ಈಗ ಎಲ್ಲ ಚೆನ್ನಾಗಿ ಕಾಣ್ಸುತ್ತೆ ಬಿಡು. ಮೂರು ವರ್ಷ ಆ ದರಿದ್ರ ದೋಣಿಯಿಂದ ನಂಗೆ ಹೊತ್ತೇ ಹೋಗ್ತಿರಲಿಲ್ಲ. ಹಾಲಿನ ಪಾತ್ರೆ ಮುಚ್ಚಿಲ್ಲ ನೋಡು. ಆ ಎಡಗಡೆ ಡಬ್ಬೀಲಿ ಏನಿದೆ?"

ಅವಳು ಎದ್ದು ಹಾಲಿನ ಪಾತ್ರೆ ಮುಚ್ಚಿದಳು. ನಾಳೆ ಬೆಳಿಗ್ಗೆ ಏನು ಅಡುಗೆ ಎಂದು ಕೇಳಿದರು. ಹೇಳಿದಳು. ಎಣ್ಣೆ ಕಡಿಮೆ ಹಾಕು, ನಾನು ಇಲ್ಲೇ ಇರ್ತೀನಿ, ಹೇಳ್ಕೊಡ್ತೀನಿ ಎಂದರು. ಅವಳು ತಲೆಯಾಡಿಸಿದಳು. ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದ ಜಾಗದ ಮೇಲೆ ಬಿಸಿಲು ಬಿದ್ದಿತ್ತು. ಗೋಡೆಗೂ ಕಣ್ಣು ಬಂದ ಹಾಗಿತ್ತು. ಹಾಡು, ಅಣಕ, ಬಾಣಲೆ, ಯಾವುದೂ ಹೊತ್ತು ಕಳೆಯಲು ಮಾಡಿಕೊಂಡದ್ದಾಗಿರಲಿಲ್ಲ.

ಆಗಲೇ ಅದು ಕಂಡಿತು. ಕಿಟಕಿಯ ದಂಡೆಯ ಮೂಲೆಯಲ್ಲಿ, ಮೂರು ವರ್ಷ ಕತ್ತಲು ಕೂತಿದ್ದ ಜಾಗದಲ್ಲಿ, ಈಗ ಬಿಸಿಲಿಗೆ ಫಳಫಳ ಹೊಳೆಯುತ್ತ, ಶುಭ್ರವಾಗಿ ತೊಳೆದ ಕಪ್ಪು ಬಿರಡೆ.

"ಬಿರಡೆ ಸಿಕ್ತೇನೆ?" ಎಂದು ಗಂಡ ಒಳಗಿನಿಂದ ಕೂಗಿದ.

ಅವಳು ಕಿಟಕಿಗೆ ಬೆನ್ನು ಮಾಡಿ ನಿಂತಳು. ಬಿರಡೆಯನ್ನು ಅಂಗೈಯೊಳಗೆ ಮುಚ್ಚಿಕೊಂಡು, ಎಡಗಡೆಯ ಡಬ್ಬಿಯ ಮುಚ್ಚಳ ತೆಗೆದು, ಹಿಟ್ಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದಳು. ಖಾಲಿ ಕೈಯನ್ನು ಹೊರಗೆ ತೆಗೆದು, ಮುಚ್ಚಳ ಬಿಗಿಯಾಗಿ ಹಾಕಿದಳು.

"ಹುಡುಕ್ತಿದೀನಿ" ಎಂದಳು.