ಊರು ನೋಡಿದ ಪೇಟೆಂಟು

ಸಂಶೋಧಕರ ಬಗ್ಗೆ ಬರೆಯುವವರು ಅವರ ಮನೆಯವರನ್ನು ಏನೂ ಕೇಳುವುದಿಲ್ಲ ಎಂಬುದು ನನ್ನ ಬಹುದಿನದ ದೂರು. ಕೇಳಿದರೂ ನಾವು ಹೆಚ್ಚೇನೂ ಹೇಳುವವರಲ್ಲ. ಸೆರಗನ್ನೋ ತೋಳನ್ನೋ ಸ್ವಲ್ಪ ಸರಿಸಿ ಗಾಯದ ಕಲೆ ತೋರಿಸುತ್ತೇವೆ, ಅಷ್ಟೆ. ನಮ್ಮ ಮನೆಯಲ್ಲಿ ಪ್ರತಿ ಸಂಶೋಧನೆಗೂ ಮೊದಲು ಒಂದು ಗಾಯವಾಗುತ್ತಿತ್ತು. ಉಕ್ಕಿದ ಹಾಲು ನನ್ನ ಪಾದದ ಮೇಲೆ ಬಿದ್ದ ವರ್ಷ ಅಪ್ಪ ಹಾಲು ಉಕ್ಕದ ಮುಚ್ಚಳ ಕಂಡುಹಿಡಿದ. ಬಚ್ಚಲ ಹಂಡೆಯ ಹಬೆ ಅಜ್ಜಿಯ ಮೊಣಕೈ ಸುಟ್ಟ ಮೇಲೆ ಹಂಡೆಗೆ ಸೀಟಿ ಬಂತು. ಹರಪನಹಳ್ಳಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಸೋದರಮಾವ ಬಿಸಿ ಮರಳು ಮೈಮೇಲೆ ಸುರಿದುಕೊಂಡು ಮಲಗಿದಾಗ, ಅವನನ್ನು ನೋಡಲು ಹಣ್ಣು ಹಿಡಿದುಕೊಂಡು ಹೋದ ಅಪ್ಪ ಭಟ್ಟಿಯ ಅಳತೆ ಹಿಡಿದುಕೊಂಡು ಬಂದ. ನೆಂಟರು ನಮ್ಮ ಮನೆಯಲ್ಲಿ ಬಹಳ ಎಚ್ಚರದಿಂದ ಓಡಾಡುತ್ತಿದ್ದರು. ಬಿದ್ದರೆ ನೋವಾಗುತ್ತದೆ ಎಂದಲ್ಲ, ಬಿದ್ದರೆ ಅಪ್ಪನಿಗೆ ಏನಾದರೂ ಹೊಳೆಯುತ್ತದೆ ಎಂದು.

ಕೊಟ್ಟೂರಿನಲ್ಲಿ ಅಪ್ಪನದು ಮೋಟಾರು ರಿಪೇರಿ ಅಂಗಡಿ. ಪಕ್ಕದಲ್ಲೇ ಖಾದರ್ ಚಾಚಾನ ಲೇತು. ಅಪ್ಪ ಯೋಚಿಸುತ್ತಿದ್ದ, ಚಾಚಾ ಅದನ್ನು ಕಬ್ಬಿಣದಲ್ಲಿ ಕಡೆಯುತ್ತಿದ್ದ. "ನಿನ್ನ ತಲ್ಯಾಗ ಬಂದಿದ್ದು ಕಬ್ಬಿಣದಾಗ ಬರಬೇಕಂದ್ರ ನನ್ನ ಕಣ್ಣಾಗ ನೀರು ಬರತೈತಿ ಲೇ ಕೊಟ್ರಪ್ಪ" ಎಂದು ಬಯ್ಯುತ್ತಲೇ ಲೇತಿಗೆ ರಾಡು ಹಿಡಿಸುತ್ತಿದ್ದ. ಮುಚ್ಚಳ, ಸೀಟಿ, ಭಟ್ಟಿಯ ಜರಡಿ ಮೂರಕ್ಕೂ ಅಪ್ಪನಿಗೆ ಪೇಟೆಂಟು ಸಿಕ್ಕಿತ್ತು. ಅವು ಗಾಜಿನ ಚೌಕಟ್ಟಿನಲ್ಲಿ ದೇವರ ಪಟಗಳ ಸಾಲಿಗೆ ಸೇರಿಕೊಂಡಿದ್ದವು. ಅವ್ವ ದಿನಾ ಅವಕ್ಕೂ ಕುಂಕುಮ ಹಚ್ಚುತ್ತಿದ್ದಳು. "ಉಳದ ದೇವ್ರು ಕೇಳಿದ್ದು ಕೊಡಂಗಿಲ್ಲ. ಇವು ಏನೂ ಕೇಳಂಗೂ ಇಲ್ಲ, ಕೊಡಂಗೂ ಇಲ್ಲ, ಪಾಪ" ಎನ್ನುತ್ತಿದ್ದಳು. ಆ ಮೂರನ್ನೂ ಯಾರೂ ಕೊಳ್ಳಲಿಲ್ಲ. ನೋಡಲು ಕೂಡ ಬರಲಿಲ್ಲ. ಇದು ಮುಂದೆ ಮುಖ್ಯವಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಅವ್ವನ ಬಲಗೈಯ ಎರಡು ಬೆರಳು ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಹೋದವು. ನಮ್ಮ ಹೊಲಕ್ಕೆ ತಂದ ಯಂತ್ರ, ಹೊಸದು. ಮೋಡ ಕಟ್ಟಿತ್ತು, ತೆನೆಯ ರಾಶಿ ಬಯಲಲ್ಲಿತ್ತು, ಪೂಜೆಗೆ ಪುರಸೊತ್ತಿಲ್ಲದೆ ಶುರು ಮಾಡಿದ್ದರು. ಅವ್ವ ಈ ಕಥೆ ಹೇಳುವಾಗ ಬಳೆ ಒಡೆದದ್ದನ್ನು ಮೊದಲು ಹೇಳುತ್ತಾಳೆ, ಬೆರಳು ಆಮೇಲೆ ಬರುತ್ತವೆ. ಅವು ಹೊಸ ಬಳೆಗಳು. ಆಸ್ಪತ್ರೆಯಲ್ಲಿ ಅಪ್ಪ ಯಾವುದರ ಅಳತೆಯನ್ನೂ ತೆಗೆಯದೆ ಸುಮ್ಮನೆ ಕೂತಿದ್ದ. ಸಂಗತಿ ಎಷ್ಟು ಗಂಭೀರ ಎಂದು ನಮಗೆಲ್ಲ ತಿಳಿದದ್ದು ಅದರಿಂದ.

ತಿಂಗಳುಗಳು ಕಳೆದ ಮೇಲೆ ಅಪ್ಪ ಮತ್ತೆ ಟೇಪು ಕೈಗೆತ್ತಿಕೊಂಡ. ಯಂತ್ರದ ಬಾಯಿಗೆ ಅಡ್ಡವಾಗಿ ಒಂದು ಸರಳು. ತೆನೆಗಳು ಅದರ ಕೆಳಗೆ ಜಾರಿ ಒಳಗೆ ಹೋಗುತ್ತವೆ. ತೋಳು ಬಂದರೆ ಸರಳು ಮೇಲೇಳುತ್ತದೆ, ಕರೆಂಟು ಹೋಗುತ್ತದೆ, ಅದೇ ಗಳಿಗೆಯಲ್ಲಿ ಒಂದು ಬ್ರೇಕು ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ಬ್ರೇಕು ಬೇಕೇ ಬೇಕು, ಏಕೆಂದರೆ ಕರೆಂಟು ಹೋದರೂ ಗಾಲಿ ತನ್ನ ಓಟದಲ್ಲಿ ತಿರುಗುತ್ತಲೇ ಇರುತ್ತದೆ. ಇದನ್ನು ಪರೀಕ್ಷಿಸಲು ಅಪ್ಪ ಕೋಲಿಗೆ ಚಿಂದಿ ಸುತ್ತಿ ತೋಳು ಮಾಡಿ, ತುದಿಗೆ ಬದನೆಕಾಯಿ ಸಿಕ್ಕಿಸಿ ಯಂತ್ರದ ಬಾಯಿಗೆ ಕೊಡುತ್ತಿದ್ದ. ಆ ವರ್ಷ ಪ್ರಯೋಗದ ಫಲಿತಾಂಶ ನಮಗೆ ಊಟಕ್ಕೆ ಕೂತಾಗ ಗೊತ್ತಾಗುತ್ತಿತ್ತು. ಬದನೆಕಾಯಿ ನುಜ್ಜಾಗಿ ಬಜ್ಜಿಯಾಗಿದ್ದರೆ ಸೋಲು. ರಜೆಗೆ ಬಂದಾಗಲೆಲ್ಲ ನಾನು ಬಜ್ಜಿಯನ್ನೇ ತಿಂದೆ. ಕೊನೆಗೆ ಒಂದು ಮಧ್ಯಾಹ್ನ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ತೊಟ್ಟಿನ ಸಮೇತ ಇಡೀ ಎಣ್ಣೆಗಾಯಿ ಬಂದು ಕೂತಿತು. ಅಪ್ಪ ಅದನ್ನು ಬಹಳ ಹೊತ್ತು ಮುರಿಯಲಿಲ್ಲ.

ಇನ್ನು ಪೂಜೆಯ ವಿಷಯ. "ಪೂಜಿ ಇಲ್ಲದ ಮಿಷನ್ನಿಗೆ ಒಂದ್ಸಲ ಕೈ ಕೊಟ್ಟೀನಿ. ಇನ್ನೊಂದ್ಸಲ ಕೊಡಂಗಿಲ್ಲ" ಎಂದಳು ಅವ್ವ. ಅಮಾವಾಸ್ಯೆಯ ದಿನ ಅಂಗಡಿಯ ಮುಂದೆ ಕಾಯಿ ಒಡೆದು, ಓಣಿಗೆಲ್ಲ ಮಂಡಕ್ಕಿ ಸಕ್ಕರೆ ಹಂಚಿ, ಯಂತ್ರದ ಬಾಯಿಗೆ ಬದನೆಕಾಯಿ ಕೊಟ್ಟು ಬಂದವರಿಗೆಲ್ಲ ಆಡಿಸಿ ತೋರಿಸಿದರು. ಕಾನಹೊಸಹಳ್ಳಿಯ ಕಡೆ ವೆಲ್ಡಿಂಗ್ ಶೆಡ್ಡು ಇಟ್ಟಿದ್ದವನೊಬ್ಬ ಭಕ್ತಿಯಿಂದ ಹತ್ತಿರ ಬಂದು, "ಇದರ ಅಡೀನೂ ತೋರ್ಸಿ ಅಣ್ಣಾ" ಎಂದ. ಅಪ್ಪ ಸಂತೋಷದಿಂದ ತೋರಿಸಿದ. ತನ್ನ ಸಂಶೋಧನೆಯೊಂದರ ಅಡಿಯನ್ನು ಯಾರಾದರೂ ನೋಡಬಯಸಿದ್ದು ಅದೇ ಮೊದಲು.

ಆಮೇಲೆ ಪೇಟೆಂಟಿಗೆ ಹೊರಟೆವು. ದಾವಣಗೆರೆಯ ಏಜೆಂಟರೊಬ್ಬರು ಎಲ್ಲ ಕೇಳಿಸಿಕೊಂಡು, "ಯಾರಿಗೂ ತೋರಿಸಿಲ್ಲ ತಾನೆ?" ಎಂದರು.

"ಊರೆಲ್ಲ ನೋಡೈತ್ರಿ" ಎಂದ ಅಪ್ಪ ಹೆಮ್ಮೆಯಿಂದ. ನಮ್ಮ ಕಡೆ ಯಾವುದೇ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಏಜೆಂಟರು ಪೆನ್ನು ಕೆಳಗಿಟ್ಟರು. "ಅರ್ಜಿಗೆ ಮುಂಚೆ ಜನ ನೋಡಿದ್ರೆ ಅದು ಹೊಸದಲ್ಲ ಸಾರ್. ಯಾರೂ ನೋಡಿರಬಾರದು."

"ಯಾರೂ ನೋಡದಿದ್ರ, ಅದು ನಡಿತೈತಿ ಅಂತ ಹೇಳೋರು ಯಾರ್ರೀ?"

ಏಜೆಂಟರು ನನ್ನ ಕಡೆ ನೋಡಿದರು. ಪೂಜೆಯ ಮಾತನ್ನು ಬಿಟ್ಟು ಬರೆಯೋಣವೇ ಎಂದು ಮೆಲ್ಲಗೆ ಕೇಳಿದರು. ಅಪ್ಪ ಎದ್ದು ನಿಂತ. "ಪೂಜಿ ಆಗಿಲ್ಲ ಅಂತ ಬರದ್ರ, ಆ ಮಿಷನ್ ಮತ್ತ ಯಾರ ಕೈ ಕೇಳತೈತೋ. ಬ್ಯಾಡ್ರಿ."

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಆ ಕಾನೂನನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದೆ. ಯಾರಿಗೂ ಬೇಡವಾದ ಮೂರು ವಸ್ತುಗಳಿಗೆ ಪೇಟೆಂಟು ಇತ್ತು, ಏಕೆಂದರೆ ಅವನ್ನು ಯಾರೂ ನೋಡಿರಲಿಲ್ಲ. ಎಲ್ಲರಿಗೂ ಬೇಕಾದ ಒಂದಕ್ಕೆ ಇರಲಿಲ್ಲ. ಹಡಗಲಿಯಿಂದಲೂ ಹಗರಿಬೊಮ್ಮನಹಳ್ಳಿಯಿಂದಲೂ ಬಂದ ಗಂಡಿನ ಕಡೆಯವರ ಮುಂದೆ ನಾನು ಎಷ್ಟು ಸಲ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೇನೆ ಎಂಬುದೂ ನೆನಪಾಯಿತು. ನೋಂದಣಿಗೆ ಮುಂಚೆ ಜನ ನೋಡಿದ್ದು ಹೊಸದಲ್ಲ ಎನ್ನುವ ಲೆಕ್ಕದಲ್ಲಿ ನನ್ನ ಅರ್ಜಿಯೂ ಬಿದ್ದುಹೋದಂತೆಯೇ. ಪಕ್ಕದಲ್ಲಿ ಅಪ್ಪ ಕಿಟಕಿಯಾಚೆಯ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ ಕೂತಿದ್ದ. ಪೇಟೆಂಟಿದ್ದಿದ್ದರೆ ಕೆಟ್ಟದಾಗಿ ಮಾಡುವವರನ್ನು ತಡೆಯಬಹುದಿತ್ತು, ಅವನಿಗೆ ಬೇಕಿದ್ದದ್ದು ಅಷ್ಟೇ.

ತಡೆಯಲಾಗಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಕಾನಹೊಸಹಳ್ಳಿಯ ಶೆಡ್ಡಿನ ಮುಂದೆ 'ಇಲ್ಲಿ ಪೇಟೆಂಟ್ ಕೂಡಿಸಿಕೊಡಲಾಗುವುದು' ಎಂಬ ಬೋರ್ಡು ಬಂತು. ಆ ಸರಳಿಗೆ ನಮ್ಮ ಜನ ಇಟ್ಟ ಹೆಸರೇ ಪೇಟೆಂಟು. "ನಿಮ್ಮ ಮಿಷನ್ನಿಗೆ ಪೇಟೆಂಟ್ ಐತೇನು?" "ಐತಿ, ಸ್ವಲ್ಪ ಸಡ್ಲ ಆಗೈತಿ." ಸರ್ಕಾರ ಕೊಡದ ಪೇಟೆಂಟನ್ನು ಊರವರು ಕೊಟ್ಟುಬಿಟ್ಟಿದ್ದರು. ಖಾದರ್ ಚಾಚಾ ಮಾತ್ರ ಆ ಶೆಡ್ಡಿನವನು ಕೂಡಿಸಿದ ಒಂದು ಸರಳನ್ನು ಬಗ್ಗಿ ನೋಡಿ ಬಂದು, ನಗದೆ ಹೇಳಿದ: "ಬ್ರೇಕ್ ಇಲ್ಲ ಕೊಟ್ರಪ್ಪ. ಸೋವಿ ಆಗ್ಲಿ ಅಂತ ಬಿಟ್ಟಾನ."

ಒಂದು ದಿನ ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯಿಂದ ಬಸಣ್ಣ ಎಂಬ ರೈತ ಅಂಗಡಿಗೆ ಬಂದ. ಕೂರು ಎಂದರೆ ಕೂರಲಿಲ್ಲ. "ನಿಮ್ಮ ಪೇಟೆಂಟ್ ನನ್ನ ಹೆಂಡ್ತಿ ಕೈ ತಿಂತ್ರಿ" ಎಂದ. ಅದು ನನ್ನದಲ್ಲ ಎಂದು ಅಪ್ಪ ಹೇಳಬಹುದಿತ್ತು. ಹೇಳಲಿಲ್ಲ. ಬಸಣ್ಣ ಇನ್ನೂ ಒಂದು ಮಾತು ಹೇಳಿದ: "ಊರಾಗ ಎಲ್ರೂ ಕಿತ್ತು ಒಗಿಯಾಕ ಹತ್ಯಾರ. ಕಬ್ಬಿಣ ನಂಬಿ ಕೈ ಬಿಟ್ರ ಹಿಂಗ ಆಗೋದು."

ಅಪ್ಪನ ಮುಖ ಬಿಳಿಚಿದ್ದು ಈ ಎರಡನೆಯ ಮಾತಿಗೆ. ಮರುದಿನ ಬ್ರೇಕಿನ ಸಮೇತ ಒಂದು ಸರಳು, ಒಂದು ಚೀಲ ಬದನೆಕಾಯಿ, ವಿವರಿಸಲು ನಾನು, ಇಷ್ಟನ್ನು ಕಟ್ಟಿಕೊಂಡು ಆ ಹಳ್ಳಿಗೆ ಹೊರಟ. ಬಸಣ್ಣನ ಹೆಂಡತಿಯನ್ನು ನೋಡಬೇಕೆಂದು ಅವ್ವನೂ ಬಂದಳು.

ಅವ್ವ ಒಳಗೆ ಹೋದಳು. ನಾವು ಕಣದಲ್ಲಿದ್ದ ಬಸಣ್ಣನ ಯಂತ್ರಕ್ಕೆ ಹೊಸ ಸರಳು ಕೂಡಿಸಿ ಶುರು ಮಾಡಿದೆವು. ಜನ ಸೇರಿದರು. ಗಾಲಿಯ ಓಟ, ಬ್ರೇಕಿನ ಹಿಡಿತ, ಎರಡು ಸರಳುಗಳ ವ್ಯತ್ಯಾಸ, ಎಲ್ಲವನ್ನೂ ನಾನು ಕ್ರಮವಾಗಿ ಹೇಳಿದೆ. ಅಷ್ಟು ಜನರ ಮುಂದೆ ನಾನು ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಅಪ್ಪ ಬದನೆಕಾಯಿಗೆ ಕೈ ಹಾಕಿದಾಗ ಬಸಣ್ಣ ತಡೆದ. "ಬ್ಯಾಡ್ರಿ. ಆ ಶೆಡ್ಡಿನವನೂ ಬದ್ನಿಕಾಯಿನ ತೋರ್ಸಿದ್ದ. ಬದ್ನಿಕಾಯಿಗೆ ಕೋಲು ಹಿಡದು ಹಿಂದಕ್ಕ ಜಗ್ಗೋರು ಇರತಾರ, ಕೈಗೆ ಯಾರೂ ಇರಂಗಿಲ್ಲ."

ಅಪ್ಪ ಅಂಗಿಯ ತೋಳು ಮಡಚತೊಡಗಿದ. "ನಿಮ್ಮ ಕೈ ಬ್ಯಾಡ. ಮಾಡಿದೋರಿಗೆ ಎಲ್ಲಿ ಇಡಬೇಕು ಗೊತ್ತಿರತೈತಿ" ಎಂದ ಹಿಂದೆ ನಿಂತಿದ್ದ ಒಬ್ಬ ಮುದುಕ. "ಮಗಳು ಇಷ್ಟೊತ್ತು ಹೇಳಿದ್ಲಲ್ಲ. ಆಕಿ ಇಡ್ಲಿ."

ಎಲ್ಲರೂ ನನ್ನನ್ನು ನೋಡಿದರು. ಯಂತ್ರ ಓಡುತ್ತಿತ್ತು. ನಾನು ಗಾಲಿಯ ಓಟದ ನಿಯಮವನ್ನು ಮತ್ತೊಮ್ಮೆ, ಈ ಸಲ ಇನ್ನೂ ಸರಳವಾಗಿ, ಮೊದಲಿಂದ ವಿವರಿಸತೊಡಗಿದೆ.

ನಾನು ಮುಗಿಸುವ ಮುಂಚೆ ಅವ್ವ ಒಳಗಿನಿಂದ ಬಂದಳು. ಏನು ನಡೆದಿದೆ ಎಂದು ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮೂರು ಬೆರಳಿನ ಆ ಬಲಗೈಯನ್ನೇ ಯಂತ್ರದ ಬಾಯಿಗೆ ಕೊಟ್ಟಳು. ಸರಳು ಟಕ್ಕೆಂದಿತು. ಬ್ರೇಕು ಒಮ್ಮೆ ಕಿರುಚಿತು. ಆಮೇಲೆ ಕಣದಲ್ಲಿ ಗುಬ್ಬಿಗಳ ಸದ್ದು ಮಾತ್ರ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವ್ವ ಕೈ ಹೊರಗೆ ತೆಗೆದು ತಿರುಗಿಸಿ ನೋಡಿಕೊಂಡಳು. "ಬಳಿ ಸೈತ ಒಡದಿಲ್ಲ" ಎಂದಳು.

ಬಸಣ್ಣ ಸರಳನ್ನು ಒಮ್ಮೆ ಮುಟ್ಟಿ ನೋಡಿ, "ಇದು ಇಲ್ಲೇ ಇರ್ಲಿ. ಉಳದೋರ ಮಿಷನ್ನಿಗೂ ಇಂಥಾವ ಕೂಡ್ಸಿ ಕೊಡ್ರಿ" ಎಂದ. ಅವನ ಹೆಂಡತಿ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪನಿಗೆ ಅವಳ ಕಡೆ ನೋಡಲು ಆಗಲಿಲ್ಲ.

ಬಸ್ಸಿಗೆ ಕಾಯುವಾಗ ನನ್ನ ಬೆರಳುಗಳು ನೋಯುತ್ತಿದ್ದವು. ನೋಡಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ನಿಂತಿದ್ದೆ. ಕಣದಿಂದಲೂ ಹಾಗೆಯೇ ನಡೆದು ಬಂದಿರಬೇಕು.

ಚೀಲದ ಬದನೆಕಾಯಿಗಳೆಲ್ಲ ಹೋದ ಹಾಗೆಯೇ ಮನೆಗೆ ವಾಪಸು ಬಂದಿದ್ದವು. ಅವ್ವ ಎಣ್ಣೆಗಾಯಿ ಮಾಡಿದಳು. ನನ್ನ ತಟ್ಟೆಗೆ ಬಡಿಸುವಾಗ ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದಳು: "ತಗೋ. ಇವೂ ನಿನ್ನಂಗ. ಮಿಷನ್ ನೋಡಿ ಬಂದಾವ, ಅಷ್ಟ."

ನಾನು ಇನ್ನೊಂದು ಹಾಕಿಸಿಕೊಂಡು ಉಂಡೆ.